ಮೊದಲ ಚಮಚ ನೀರು ಯಾರು ಕೊಡಬೇಕು?

ಕುಕನೂರು, ಯಲಬುರ್ಗಾ ಕಡೆಯ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಪಿಯುಸಿ ಸೈನ್ಸ್ ಮುಗಿಸಿದ ಹುಡುಗಿಯರ ತಂದೆ-ತಾಯಿ ಕೇಳುತ್ತಾರೆ: "ಮಗಳನ್ನ ನರ್ಸಿಂಗಿಗೆ ಹಚ್ಚಬೇಕಂತ ಮಾಡೀವ್ರಿ, ಈಗ ಅಲ್ಲಿ ಏನ್ ಕಲಿಸ್ತಾರ?" ಆಸ್ಪತ್ರೆಗೆ ಹೋಗಿ ಬೇಸರದಿಂದ ವಾಪಸಾದವರದು ಇನ್ನೊಂದು: "ಅಪ್ಪಗ ಭಾಳ ಸುಸ್ತಾಗಿತ್ತು. ಎಷ್ಟ್ ಕೇಳಿಕೊಂಡ್ರೂ ಸಿಸ್ಟರ್ ಒಂದು ಸಲೈನ್ ಹಚ್ಚಲಿಲ್ಲ. ಹಿಂಗ್ಯಾಕ್ರಿ?" ಈ ಎರಡು ಪ್ರಶ್ನೆಗಳಿಗೆ ಸಂಬಂಧವೇ ಇಲ್ಲ ಅನ್ನಿಸಬಹುದು. ಆದರೆ ಎರಡನೆಯವರಿಗೆ ಸರಿಯಾದ ಉತ್ತರ ಸಿಗಬೇಕಾದರೆ ಮೊದಲನೆಯವರ ಮಗಳಿಗೆ ಸರಿಯಾದ ಕಲಿಕೆ ಸಿಗಬೇಕು. ಹಲವು ವರ್ಷ ನರ್ಸಿಂಗ್ ಪಾಠ ಹೇಳಿದವಳಾಗಿ ನನಗೆ ಈ ವಿಷಯದಲ್ಲಿ ಗಟ್ಟಿ ಅಭಿಪ್ರಾಯವಿದೆ. ಈ ವಾರ ಅದನ್ನೇ ಬರೆಯುತ್ತೇನೆ.

ಪುರಾವೆ ಆಧಾರಿತ ಆರೈಕೆ ಎಂಬ ಮಾತು ಈಗ ಎಲ್ಲ ನರ್ಸಿಂಗ್ ಕಾಲೇಜುಗಳ ಗೋಡೆಯ ಮೇಲೂ ಇದೆ. ಹಿರಿಯರು ಮಾಡುತ್ತಿದ್ದರು, ಪುಸ್ತಕದಲ್ಲಿ ಹಾಗೇ ಬರೆದಿದೆ, ಡಾಕ್ಟರು ಹೇಳಿದರು ಎಂಬಷ್ಟಕ್ಕೇ ನಿಲ್ಲದೆ, ಹೀಗೆ ಮಾಡಿದರೆ ರೋಗಿಗೆ ನಿಜವಾಗಿ ಒಳ್ಳೆಯದಾಗುತ್ತದೆ ಎಂದು ಪರೀಕ್ಷೆಯಿಂದ ಗೊತ್ತಾಗಿರುವುದನ್ನು ಮಾಡುವುದೇ ಅದರ ಅರ್ಥ. ಹೇಳಲು ಸುಲಭ. ವಾರ್ಡಿನಲ್ಲಿ ಅದು ಎಷ್ಟು ಕಷ್ಟ ಎಂಬುದಕ್ಕೆ ಬೆನ್ನು ಉಜ್ಜುವ ಕೆಲಸವನ್ನೇ ನೋಡಿ. ಹಾಸಿಗೆ ಹಿಡಿದ ರೋಗಿಯ ಬೆನ್ನಿಗೆ, ಸೊಂಟದ ಮೂಳೆಯ ಮೇಲೆ, ಹಿಮ್ಮಡಿಗೆ ಸ್ಪಿರಿಟ್ ಹಚ್ಚಿ ಚೆನ್ನಾಗಿ ತಿಕ್ಕಿ ಪೌಡರ್ ಹಾಕುವುದನ್ನು ತಲೆಮಾರುಗಳ ಕಾಲ ನಾವು ಕಲಿತೆವು, ಕಲಿಸಿದೆವು. ಚರ್ಮ ಕೆಂಪಾಗಿದ್ದರೆ ಇನ್ನಷ್ಟು ತಿಕ್ಕು, ರಕ್ತ ಓಡಾಡಲಿ ಎನ್ನುತ್ತಿದ್ದರು. ಈಗ ಗೊತ್ತಿರುವುದು ಇದಕ್ಕೆ ವಿರುದ್ಧ. ಮೂಳೆ ಮತ್ತು ಹಾಸಿಗೆಯ ನಡುವೆ ಒತ್ತಿಹೋಗಿ ಕೆಂಪಾದ ಚರ್ಮದ ಕೆಳಗಿನ ಮಾಂಸ ಆಗಲೇ ನೊಂದಿರುತ್ತದೆ. ತಿಕ್ಕಿದರೆ ಅದು ಒಳಗೊಳಗೇ ಹರಿಯುತ್ತದೆ. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ.

ರಬ್ಬರ್ ರಿಂಗಿನ ಕಥೆಯೂ ಅಷ್ಟೇ. ಮೆಡಿಕಲ್ ಅಂಗಡಿಯಿಂದ ಗಾಳಿ ತುಂಬಿದ ರಿಂಗ್ ತಂದು ರೋಗಿಯನ್ನು ಅದರ ಮೇಲೆ ಕೂರಿಸಿದರೆ ನಡುವಿನ ಭಾಗಕ್ಕೆ ಆರಾಮ ಅಂದುಕೊಳ್ಳುತ್ತೇವೆ. ರಿಂಗಿನ ಅಂಚು ಸುತ್ತಲಿನ ರಕ್ತನಾಳಗಳನ್ನು ಒತ್ತಿ ನಡುವಿನ ಭಾಗಕ್ಕೆ ಬರುವ ರಕ್ತವನ್ನೇ ತಡೆಯುತ್ತದೆ. ಕೈಗವಸಿನಲ್ಲಿ ನೀರು ತುಂಬಿ ಹಿಮ್ಮಡಿ ಕೆಳಗೆ ಇಡುವುದನ್ನು ಇವತ್ತಿಗೂ ಎಷ್ಟೋ ಕಡೆ ನೋಡುತ್ತೇನೆ; ಅದೂ ಬೇಡ. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡಬೇಕು. ಪೂರ್ತಿ ಮಗ್ಗುಲಾಗಿ ಮಲಗಿಸದೆ ಸುಮಾರು 30 ಡಿಗ್ರಿ ಓರೆಯಾಗಿ ದಿಂಬು ಕೊಡಬೇಕು. ರೋಗಿಯ ಸ್ಥಿತಿ ನೋಡಿ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಯಾರಿಗೆ ಹಾಸಿಗೆ ಹುಣ್ಣು ಆಗುವ ಅಪಾಯ ಹೆಚ್ಚು ಎಂದು ಅಂಕ ಹಾಕಿ ನೋಡುವ ಬ್ರೇಡನ್ ಮಾಪಕವನ್ನು 1980ರ ದಶಕದಲ್ಲಿ ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ರೂಪಿಸಿದರು. ಇಬ್ಬರೂ ನರ್ಸುಗಳು. ಈ ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ, ಎರಡು ದಿಂಬು ಸಾಕು. ಆದರೂ ಹಳೆಯ ರೂಢಿ ಬಿಡಿಸುವುದು ಹೊಸದನ್ನು ಕಲಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ.

ನರ್ಸಿಂಗಿಗೆ ಪುರಾವೆಯ ನಂಟು ಹೊಸತೇನಲ್ಲ. 1854ರಲ್ಲಿ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್ ಕೈಯಲ್ಲಿನ ದೀಪ ನಮಗೆಲ್ಲ ನೆನಪಿದೆ. ಅವರ ಲೆಕ್ಕದ ಪುಸ್ತಕ ನೆನಪಿಲ್ಲ. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸತ್ತರು ಎಂದು ಸಾವಿನ ಲೆಕ್ಕವನ್ನು ಬಣ್ಣದ ಚಿತ್ರವಾಗಿ ಬರೆದು 1858ರಲ್ಲಿ ಸರ್ಕಾರದ ಮುಂದೆ ಇಟ್ಟವರು ಅವರೇ. ದಾದಿಯರ ದಿನ ದೀಪ ಹಚ್ಚುವ ಕಾಲೇಜುಗಳು ಆ ಲೆಕ್ಕವನ್ನೂ ಮಕ್ಕಳಿಗೆ ತೋರಿಸಬೇಕು.

ಈಗ ಈ ಅಂಕಣದ ತಲೆಬರಹಕ್ಕೆ ಬರುತ್ತೇನೆ. ನಮ್ಮ ಕಡೆ ಲಕ್ವಾ ಹೊಡೆದವರನ್ನು ಆಸ್ಪತ್ರೆಗೆ ತರುವಾಗ ಮನೆಯವರು ಮೊದಲು ಮಾಡುವ ಕೆಲಸ ಬಾಯಿಗೆ ಏನಾದರೂ ಹಾಕುವುದು. ಚಹಾ, ಎಳನೀರು, ಸಕ್ಕರೆ ನೀರು. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಲಕ್ವಾ ಹೊಡೆದಾಗ ಕೈಕಾಲಿನ ಹಾಗೆ ಗಂಟಲಿನ ಸ್ನಾಯುವೂ ಸೋತಿರಬಹುದು. ಕುಡಿಸಿದ್ದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡು-ಮೂರು ದಿನಕ್ಕೆ ಜ್ವರ, ಕಫ, ನ್ಯುಮೋನಿಯಾ. "ಲಕ್ವಾದಿಂದ ಆರಾಮಾಗ್ತಿದ್ರು, ಆದ್ರ ಜ್ವರ ಬಂದು ಹೋಗಿಬಿಟ್ರು" ಎಂದು ಹೇಳುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ.

ತರಬೇತಿ ಪಡೆದ ಸಿಸ್ಟರ್ ಇಲ್ಲಿ ಏನು ಮಾಡುತ್ತಾಳೆ ಎಂಬುದನ್ನು ಹತ್ತಿರದಿಂದ ಹೇಳುತ್ತೇನೆ. ರೋಗಿಗೆ ಎಚ್ಚರ ಇದೆಯೇ ಎಂದು ನೋಡುತ್ತಾಳೆ. ಎಚ್ಚರವಿದ್ದರೆ ನೆಟ್ಟಗೆ ಕೂರಿಸುತ್ತಾಳೆ. ಹೆಸರು ಹೇಳಿಸಿ ಧ್ವನಿ ಹೇಗಿದೆ ಎಂದು ಕೇಳುತ್ತಾಳೆ. ತುಟಿ ಮುಚ್ಚುತ್ತದೆಯೇ, ಜೊಲ್ಲು ಸುರಿಯುತ್ತಿದೆಯೇ, ಕೆಮ್ಮು ಎಂದರೆ ಕೆಮ್ಮಲು ಬರುತ್ತದೆಯೇ ನೋಡುತ್ತಾಳೆ. ಆಮೇಲೆ ಒಂದೇ ಒಂದು ಚಹಾ ಚಮಚ ನೀರು ಕೊಡುತ್ತಾಳೆ. ಗಂಟಲಿನ ಮೇಲೆ ಬೆರಳಿಟ್ಟು ನುಂಗಿದ್ದು ಗೊತ್ತಾಗುವವರೆಗೆ ಕಾಯುತ್ತಾಳೆ. ಮತ್ತೆ ಮಾತಾಡಿಸುತ್ತಾಳೆ. ಕೆಮ್ಮು ಬಂದರೆ, ಧ್ವನಿ ನೀರು ತುಂಬಿದ ಹಾಗೆ ಗೊರಗೊರ ಅಂದರೆ, ಅಲ್ಲಿಗೆ ನಿಲ್ಲಿಸಿ "ಬಾಯಿಗೆ ಏನೂ ಕೊಡಬಾರದು" ಎಂದು ಬರೆದು ಡಾಕ್ಟರಿಗೆ ತಿಳಿಸುತ್ತಾಳೆ. ಸರಿಯಾಗಿ ನುಂಗಿದರೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾಳೆ. ಕೆಲವೇ ನಿಮಿಷದ ಕೆಲಸ. ಒಂದು ಚಮಚ, ಒಂದು ಲೋಟ ನೀರು, ಕಲಿತ ಕಣ್ಣು ಮತ್ತು ಕಿವಿ.

ಇದರಿಂದ ಏನಾದೀತು ಎನ್ನುವವರಿಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ನಡೆದ ಪರೀಕ್ಷೆಯನ್ನು ತೋರಿಸಬೇಕು. ನರ್ಸಿಂಗ್ ಪ್ರೊಫೆಸರ್ ಸ್ಯಾಂಡಿ ಮಿಡಲ್ಟನ್ ಅವರ ತಂಡ 19 ಪಾರ್ಶ್ವವಾಯು ವಾರ್ಡುಗಳನ್ನು ತೆಗೆದುಕೊಂಡು ಕೆಲವು ಕಡೆ ನರ್ಸುಗಳಿಗೆ ಮೂರೇ ವಿಷಯ ಕಟ್ಟುನಿಟ್ಟಾಗಿ ಕಲಿಸಿತು: ಜ್ವರ, ಸಕ್ಕರೆ, ನುಂಗುವಿಕೆ. ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ, ಏರಿದರೆ ಪ್ಯಾರಾಸಿಟಮಾಲ್ ಕೊಡುವುದು. ರಕ್ತದ ಸಕ್ಕರೆ ನೋಡಿ ಹತೋಟಿಯಲ್ಲಿಡುವುದು. ನುಂಗುವ ಪರೀಕ್ಷೆ ಆಗದೆ ಬಾಯಿಗೆ ಏನೂ ಕೊಡದಿರುವುದು. ಹೊಸ ಔಷಧ ಇಲ್ಲ, ಹೊಸ ಯಂತ್ರ ಇಲ್ಲ. 90 ದಿನಗಳ ನಂತರ ನೋಡಿದಾಗ ತರಬೇತಿ ಇಲ್ಲದ ಕಡೆ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು 100ಕ್ಕೆ 58, ತರಬೇತಿ ಇದ್ದ ಕಡೆ 42. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ನರ್ಸ್ ಎಂದರೆ ಡಾಕ್ಟರ ಸಹಾಯಕಿ ಅಷ್ಟೇ ಎಂದುಕೊಂಡವರು ಈ ಎರಡು ಅಂಕಿಗಳನ್ನು ಮತ್ತೊಮ್ಮೆ ಓದಬೇಕು.

ಪುರಾವೆ ಯಾವಾಗಲೂ ನಮ್ಮ ಮನಸ್ಸಿಗೆ ಹಿಡಿಸಿದ್ದನ್ನೇ ಹೇಳುತ್ತದೆ ಎಂದೇನಿಲ್ಲ. ಲಕ್ವಾ ರೋಗಿಯ ಮನೆಯವರಿಗೇ ವ್ಯಾಯಾಮ ಕಲಿಸಿ ಕಳಿಸಿದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ ಎಂಬುದು ನಮ್ಮಂಥ ದೇಶಕ್ಕೆ ಹೇಳಿ ಮಾಡಿಸಿದ ಉಪಾಯದಂತೆ ಕಾಣುತ್ತಿತ್ತು. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದರು. ಆರು ತಿಂಗಳ ಬಳಿಕ ಎರಡೂ ಗುಂಪುಗಳ ಸ್ಥಿತಿ ಒಂದೇ. 2017ರಲ್ಲಿ ಫಲಿತಾಂಶ ಬಂದಾಗ ನನಗೂ ಬೇಸರವಾಯಿತು. ಆದರೆ ವಿದ್ಯಾರ್ಥಿಗಳಿಗೆ ಇಂಥದ್ದನ್ನೂ ಹೇಳಬೇಕು. ಕೆಲಸ ಮಾಡದ್ದನ್ನು ಕೆಲಸ ಮಾಡದು ಎಂದು ಒಪ್ಪಿಕೊಳ್ಳುವವರು ಮಾತ್ರ ಕೆಲಸ ಮಾಡುವುದನ್ನು ಹುಡುಕುತ್ತಾರೆ.

ಹಾಗಾದರೆ ನಮ್ಮ ಕಾಲೇಜುಗಳಲ್ಲಿ ಏನು ನಡೆಯುತ್ತಿದೆ? ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮ ಬದಲಿಸಿ ಸೆಮಿಸ್ಟರ್ ಪದ್ಧತಿ ತಂದಿತು. ಹಿಂದೆ ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ಎನ್ನುತ್ತಿದ್ದ ವಿಷಯ ಈಗ ವಯಸ್ಕರ ಆರೋಗ್ಯ ಶುಶ್ರೂಷೆ ಎಂಬ ಹೆಸರಿನಲ್ಲಿ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಬರುತ್ತದೆ. ಬದಲಾವಣೆ ಒಳ್ಳೆಯದು. ಆದರೆ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರದ ವಿಷಯ ಏಳನೇ ಸೆಮಿಸ್ಟರಿಗೆ ಹೋಗಿ ಕುಳಿತಿದೆ. ಎರಡನೇ ವರ್ಷ ಲಕ್ವಾ ರೋಗಿಯ ಪಕ್ಕದಲ್ಲಿ ನಿಂತ ಹುಡುಗಿಗೆ, ತಾನು ಮಾಡುತ್ತಿರುವುದಕ್ಕೆ ಆಧಾರವೇನು ಎಂದು ಕೇಳುವ ಅಭ್ಯಾಸ ನಾಲ್ಕನೇ ವರ್ಷ ಬರಲಿ ಎಂದು ಕಾಯುವುದು ಸರಿಯೇ? ಕಾಯಬಾರದು. ಮೊದಲ ವರ್ಷ ಹಾಸಿಗೆ ಹಾಸಲು ಕಲಿಸುವಾಗಲೇ "ಯಾಕೆ" ಎಂಬುದನ್ನೂ ಕಲಿಸಬೇಕು. ಪ್ರಾಜೆಕ್ಟ್ ಪುಸ್ತಕಕ್ಕೆ ಚಿನ್ನದ ಅಕ್ಷರದ ರಟ್ಟು ಹಾಕಿಸಿದರೆ ಪುರಾವೆ ಆಧಾರಿತ ಆರೈಕೆ ಕಲಿತಂತೆ ಆಗುವುದಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಸಿಗುವ ತರಬೇತಿ ಇನ್ನೂ ಬಡ. ಜಿಲ್ಲಾ ಕೇಂದ್ರಕ್ಕೆ ಕರೆಸಿ, ಸಭಾಂಗಣದಲ್ಲಿ ಕೂರಿಸಿ, ಪವರ್‌ಪಾಯಿಂಟ್ ತೋರಿಸಿ, ಮಧ್ಯಾಹ್ನ ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ಬನ್ನಿಕೊಪ್ಪದಿಂದಲೋ ತಳಕಲ್ಲದಿಂದಲೋ ಹೋದವಳು ಮರುದಿನ ಅದೇ ಕೇಂದ್ರಕ್ಕೆ, ಅದೇ ಮುರಿದ ಬಿಪಿ ಯಂತ್ರಕ್ಕೆ, ಅದೇ ಹಳೆಯ ರೂಢಿಗೆ ಮರಳುತ್ತಾಳೆ.

ಇದಕ್ಕೆ ಬೇರೆ ದಾರಿ ಇದೆ ಎಂದು ತೋರಿಸಿಕೊಟ್ಟದ್ದು ನಮ್ಮದೇ ಭಾಗ. ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ತಾಯಿ ಮತ್ತು ಶಿಶುವಿನ ಆರೋಗ್ಯಕ್ಕಾಗಿ ಸುಕ್ಷೇಮ ಎಂಬ ಯೋಜನೆ ನಡೆಯಿತು. ಕೊಪ್ಪಳವೂ ಅದರಲ್ಲಿತ್ತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸರ್ಕಾರದ ಜೊತೆ ಸೇರಿ ನಡೆಸಿದ ಈ ಯೋಜನೆಯ ಭಾಗವಾಗಿ ಬಳ್ಳಾರಿ ಮತ್ತು ಗುಲ್ಬರ್ಗಾ ಜಿಲ್ಲೆಗಳ, ದಿನದ 24 ಗಂಟೆಯೂ ತೆರೆದಿರುವ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಎರಡೂ ಪಾಲಿನವರಿಗೆ ಆರಂಭದ ತರಬೇತಿ ಒಂದೇ, ಹೊಸ ಕೇಸ್ ಶೀಟೂ ಒಂದೇ. ಆದರೆ 54 ಕೇಂದ್ರಗಳಿಗೆ ಅನುಭವಿ ನರ್ಸ್ ಮಾರ್ಗದರ್ಶಕಿಯೊಬ್ಬರು ಆರು ಸಲ ಹೋದರು. ತಪಾಸಣೆಗೆ ಬಂದ ಮೇಲಧಿಕಾರಿಯಂತೆ ಹೋಗಲಿಲ್ಲ. ಹೆರಿಗೆ ಕೋಣೆಯಲ್ಲಿ ಅಲ್ಲಿನ ಸಿಸ್ಟರ್ ಪಕ್ಕದಲ್ಲೇ ನಿಂತರು, ಕೇಸ್ ಶೀಟುಗಳನ್ನು ಜೊತೆಗೆ ಕೂತು ಓದಿದರು, ಯಾವ ಔಷಧ ಖಾಲಿಯಾಗಿದೆ ಎಂದು ಒಟ್ಟಿಗೆ ಪಟ್ಟಿ ಮಾಡಿದರು. 2012ರ ಏಪ್ರಿಲ್ ಮತ್ತು 2013ರ ಆಗಸ್ಟ್‌ನಲ್ಲಿ ಅಳೆದು ನೋಡಿದಾಗ, ಮಾರ್ಗದರ್ಶಕಿ ಹೋದ ಕೇಂದ್ರಗಳ ಸಿದ್ಧತೆ, ತೊಡಕಿನ ಹೆರಿಗೆ ನಿಭಾಯಿಸುವ ಸಿಬ್ಬಂದಿಯ ತಿಳಿವಳಿಕೆ ಎರಡೂ ಮುಂದಿದ್ದವು. 2016ರಲ್ಲಿ ಪ್ಲಾಸ್ ಒನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಈ ವರದಿ ಬಂತು. ಸಭಾಂಗಣದ ತರಬೇತಿ ಇಬ್ಬರಿಗೂ ಸಿಕ್ಕಿತ್ತು ಎಂಬುದನ್ನು ಗಮನಿಸಿ. ವ್ಯತ್ಯಾಸ ಮಾಡಿದ್ದು ಪಕ್ಕದಲ್ಲಿ ನಿಂತು ಕಲಿಸಿದವಳು.

ಹೆರಿಗೆಗೆ ಮಾಡಿದ್ದನ್ನು ಬಿಪಿ, ಸಕ್ಕರೆ ಕಾಯಿಲೆ, ಲಕ್ವಾ, ಹಾವು ಕಡಿತ, ಹಾಸಿಗೆ ಹುಣ್ಣಿಗೆ ಯಾಕೆ ಮಾಡಬಾರದು? ನನ್ನ ಬೇಡಿಕೆ ಇಷ್ಟೇ. ಇಂದು ಹಳ್ಳಿಯ ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಕೂತವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. 30 ವರ್ಷ ದಾಟಿದ ಎಲ್ಲರ ಬಿಪಿ, ಸಕ್ಕರೆ ನೋಡುವ ಹೊಣೆ ಅವರದು. ಬಿಪಿ ನೋಡುವುದರಲ್ಲೇ ಎಷ್ಟು ತಪ್ಪಬಹುದು ನೋಡಿ. ಬಿಸಿಲಲ್ಲಿ ನಡೆದು ಬಂದವರನ್ನು ಐದು ನಿಮಿಷ ಕೂರಿಸದೆ, ಬೆನ್ನಿಗೆ ಆಸರೆ ಕೊಡದೆ, ತೋಳನ್ನು ಎದೆಮಟ್ಟಕ್ಕೆ ಇಡಿಸದೆ, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿ, "ಮಳಿ ಹೆಂಗೈತ್ರಿ ನಿಮ್ಮ ಕಡೆ" ಎಂದು ಮಾತಾಡಿಸುತ್ತಾ ನೋಡಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಆ ಅಂಕಿಯ ಮೇಲೆ ಒಬ್ಬ ಮನುಷ್ಯ ಜೀವನಪೂರ್ತಿ ಗುಳಿಗೆ ನುಂಗಬೇಕಾಗಬಹುದು.

ಹಾವು ಕಡಿತದ ವಿಷಯ ಇನ್ನೂ ಸೂಕ್ಷ್ಮ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಕೊಳಕುಮಂಡಲ, ಉರಿಮಂಡಲದಂಥ ಹಾವು ಕಡಿದಾಗ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ತಿಳಿಯಲು ಸಣ್ಣ ಆಸ್ಪತ್ರೆಯಲ್ಲೂ ಆಗುವ ಪರೀಕ್ಷೆ ಇದೆ: 2 ಮಿ.ಲೀ. ರಕ್ತವನ್ನು ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಏರಿದೆ ಎಂದರ್ಥ. ನಳಿಕೆ ಗಾಜಿನದೇ ಆಗಿರಬೇಕು, ಒಣಗಿರಬೇಕು, ಸೋಪಿನ ಪುಡಿಯಲ್ಲಿ ತೊಳೆದದ್ದಾಗಿರಬಾರದು. ಪ್ಲಾಸ್ಟಿಕ್ ನಳಿಕೆಯಲ್ಲಿ ಹಾಕಿದರೆ, ನಡುವೆ ಎತ್ತಿ ಎತ್ತಿ ನೋಡಿದರೆ ಫಲಿತಾಂಶವೇ ಸುಳ್ಳಾಗುತ್ತದೆ. ಪರೀಕ್ಷೆಯಲ್ಲಿ ಐದು ಅಂಕದ ಉತ್ತರ ಬರೆದವಳಿಗೆ ಇದು ನೆನಪಿರಲಿಕ್ಕಿಲ್ಲ. ರಾತ್ರಿ ಪಾಳಿಯಲ್ಲಿ ಒಮ್ಮೆ ಹಿರಿಯ ಸಿಸ್ಟರ್ ಪಕ್ಕದಲ್ಲಿ ನಿಂತು ಮಾಡಿಸಿದರೆ ಮರೆಯುವುದಿಲ್ಲ.

ಇನ್ನು ಸಲೈನ್ ಮಾತು. ಸಲೈನ್ ಬೇಕೋ ಬೇಡವೋ ಎಂದು ಬರೆಯುವವರು ಡಾಕ್ಟರು. ಬೇಡ ಎಂದದ್ದನ್ನು ಮನೆಯವರಿಗೆ ಹೇಳಿ ಬೈಸಿಕೊಳ್ಳುವವಳು ಸಿಸ್ಟರ್. 500 ಮಿ.ಲೀ. ಗ್ಲೂಕೋಸ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಹಾ ಚಮಚದಷ್ಟು. ಉಪ್ಪಿನ ಸಲೈನಿನಲ್ಲಿ ಅದೂ ಇಲ್ಲ, ನಾಲ್ಕೂವರೆ ಗ್ರಾಂ ಉಪ್ಪು ಅಷ್ಟೇ. ಬಾಯಿಂದ ಉಣ್ಣಲು ಬರುವ ಮನುಷ್ಯನ ಸುಸ್ತಿಗೆ ಅದು ಔಷಧವಲ್ಲ. ಹೃದಯ, ಮೂತ್ರಪಿಂಡ ಸೋತ ಹಿರಿಯರಿಗೆ ಅದೇ ನೀರು ಶ್ವಾಸಕೋಶದಲ್ಲಿ ತುಂಬಿ ಜೀವಕ್ಕೆ ಕುತ್ತು ತರಬಹುದು. ವಾಂತಿ-ಭೇದಿಯಲ್ಲೂ ಹೆಚ್ಚಿನವರಿಗೆ ಓಆರ್‌ಎಸ್ ಸಾಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಸಕ್ಕರೆಯ ದ್ರಾವಣ ಮಾಡಿಸಿ ಮನೆಯವರ ಕೈಯಿಂದಲೇ ಕುಡಿಸಿದರು. 100ಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಇದನ್ನೆಲ್ಲ ಸಿಸ್ಟರ್ ಬಲ್ಲಳು. ಆದರೆ ಸಿಟ್ಟಾದ ಮಗನ ಮುಂದೆ, ಅಳುವ ಸೊಸೆಯ ಮುಂದೆ ಅದನ್ನು ಹೇಳುವುದು ಹೇಗೆ ಎಂದು ಅವಳಿಗೆ ಯಾರೂ ಕಲಿಸಿಲ್ಲ. "ಅಜ್ಜಾರ ಬಾಯಿಲೆ ಕುಡೀತಾರಲ್ರೀ ಅಣ್ಣಾರ, ಹೊಟ್ಟೀಗೆ ಹೋದದ್ದ ಭಾಳ ಚಲೋ. ಈ ನೀರು ಎದಿಗೆ ಏರಿದ್ರ ಉಸಿರಾಟಕ್ಕ ತ್ರಾಸ ಆಗತೈತಿ. ನಾನೂ ಇಲ್ಲೇ ಇರ್ತೀನಿ, ತಾಸಿಗೊಮ್ಮೆ ನೋಡ್ತೀನಿ" ಎಂದು ಒಬ್ಬ ಸಿಸ್ಟರ್ ಹೇಳಿದ್ದನ್ನು ನಾನು ಕೇಳಿದ್ದೇನೆ. ಮನೆಯವರು ಸುಮ್ಮನಾದದ್ದಷ್ಟೇ ಅಲ್ಲ, ಗಂಜಿ ತರಲು ಎದ್ದು ಹೋದರು. ಈ ಮಾತುಗಾರಿಕೆಯೂ ಚಿಕಿತ್ಸೆಯೇ. ನರ್ಸಿಂಗ್ ತರಬೇತಿಯಲ್ಲಿ ಇಂಜೆಕ್ಷನ್ ಕೊಡುವುದಕ್ಕೆ ಎಷ್ಟು ಹೊತ್ತು ಇಡುತ್ತೇವೋ, ಇಂಜೆಕ್ಷನ್ ಯಾಕೆ ಬೇಡ ಎಂದು ಹೇಳುವುದಕ್ಕೂ ಅಷ್ಟೇ ಹೊತ್ತು ಇಡಬೇಕು.

ತರಬೇತಿಯೊಂದೇ ಸಾಲದು ಎಂಬುದೂ ನಿಜ. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತವರ ತಂಡ 4 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ರೋಗಿಗಳ ದಾಖಲೆ ನೋಡಿತು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗಲೆಲ್ಲ ಸಾವಿನ ಸಂಭವ 7% ಏರುತ್ತದೆ, ಪದವಿ ಓದಿದ ನರ್ಸುಗಳ ಪಾಲು 10% ಹೆಚ್ಚಿದರೆ ಅಷ್ಟೇ ಇಳಿಯುತ್ತದೆ ಎಂದು 2014ರಲ್ಲಿ ಅವರು ಬರೆದರು. ಇಡೀ ವಾರ್ಡಿಗೆ ಒಬ್ಬಳೇ ಸಿಸ್ಟರ್ ಇದ್ದು, ಅವಳೂ ಗುತ್ತಿಗೆಯ ಮೇಲಿದ್ದು, ರಿಜಿಸ್ಟರ್ ತುಂಬುವುದರಲ್ಲೇ ಅರ್ಧ ಪಾಳಿ ಕಳೆದರೆ ಎಂಥ ತರಬೇತಿಯೂ ಹಾಸಿಗೆಯ ತನಕ ಬರುವುದಿಲ್ಲ.

ಯಲಬುರ್ಗಾದಿಂದ ಬೇರೆಯಾಗಿ ಕುಕನೂರು ತಾಲ್ಲೂಕಾಗಿದೆ. ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ತುಸು ಹೆಚ್ಚುಕಡಿಮೆಯಾದರೆ ಗದಗ, ಹುಬ್ಬಳ್ಳಿಗೆ ಓಡುವ ಜನ ನಾವು. ಅಲ್ಲಿಗೆ ತಲುಪುವ ಮೊದಲಿನ ಒಂದೆರಡು ತಾಸು ಸಿಸ್ಟರ್ ಕೈಯಲ್ಲಿರುತ್ತದೆ. ಜಿಲ್ಲಾ ಆರೋಗ್ಯ ಇಲಾಖೆಗೆ ನನ್ನ ವಿನಂತಿ: ವಯಸ್ಕರ ಆರೈಕೆಯಲ್ಲಿ ಪಳಗಿದ ಕೆಲವು ಹಿರಿಯ ನರ್ಸುಗಳನ್ನು ಆರಿಸಿ, ಅವರಿಗೆ ಬೇರೆ ಕೆಲಸ ಹಚ್ಚದೆ, ತಾಲ್ಲೂಕಿನ ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಎರಡು ತಿಂಗಳಿಗೊಮ್ಮೆ ಕಳಿಸಿ. ಮೊದಲ ವರ್ಷ ನುಂಗುವ ಪರೀಕ್ಷೆ, ಬಿಪಿ ನೋಡುವುದು, ಹಾವು ಕಡಿತದ ನಳಿಕೆ, ಹಾಸಿಗೆ ಹುಣ್ಣು ಇಷ್ಟೇ ಇರಲಿ. ಮಗಳನ್ನು ನರ್ಸಿಂಗಿಗೆ ಸೇರಿಸಲು ಹೊರಟವರು ಕಾಲೇಜಿನ ಕಟ್ಟಡ ನೋಡುವ ಮೊದಲು, ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ವಾರ್ಡಿನಲ್ಲಿ ಅವರ ಜೊತೆ ಯಾರು ನಿಲ್ಲುತ್ತಾರೆ ಎಂದು ಕೇಳಿ. ಮತ್ತು ಮನೆಯಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾಗಿ, ಕೈ ಎತ್ತಲಾಗದೆ, ಮಾತು ತೊದಲಿದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ, ಶುರುವಾದ ಹೊತ್ತು ನೆನಪಿಟ್ಟುಕೊಳ್ಳಿ. ಮೊದಲ ಚಮಚ ನೀರನ್ನು ಸಿಸ್ಟರ್ ಕೊಡಲಿ.